‘ಮದರ್’ ಧಾರಾವಾಹಿ: ಮಗುವನ್ನು ಕದ್ದೊಯ್ದ ಶಿಕ್ಷಕಿಯ ಕರುಣೆಯನ್ನು ಹೇಗೆ ನೋಡಬೇಕು?

ಸಂಜೆಮಲ್ಲಿಗೆ (ಪ್ರಶ್ನೆ):
ಯೂಜಿ ಸಕಾಮೊಟೊ ಬರೆದು 2010ರಲ್ಲಿ ಜಪಾನಿನಲ್ಲಿ ಪ್ರಸಾರವಾದ ‘ಮದರ್’ ಧಾರಾವಾಹಿಯ 11 ಕಂತುಗಳನ್ನು ಈಚೆಗೆ ನೋಡಿ ಮುಗಿಸಿದೆ. ವಲಸೆ ಹಕ್ಕಿಗಳ ಸಂಶೋಧಕಿಯಾಗಿದ್ದ ನಾವೊ, ಹೊಕ್ಕೈಡೊದ ಮುರೊರಾನ್ ಊರಿನ ಶಾಲೆಗೆ ತಾತ್ಕಾಲಿಕ ಶಿಕ್ಷಕಿಯಾಗಿ ಬರುತ್ತಾಳೆ. ಕಸದ ಚೀಲದಲ್ಲಿ ಕಟ್ಟಿ ಚಳಿಯಲ್ಲಿ ಹೊರಗೆಸೆಯಲಾಗಿದ್ದ ತನ್ನ ವಿದ್ಯಾರ್ಥಿನಿ ರೆನಾಳನ್ನು ಕಂಡ ಮೇಲೆ, ಅವಳಿಗೆ ತ್ಸುಗುಮಿ ಎಂಬ ಹೆಸರಿಟ್ಟು, ತಾಯಿಯಾಗಿ ಸಾಕುವ ನಿರ್ಧಾರ ಮಾಡಿ ಯಾರಿಗೂ ತಿಳಿಯದಂತೆ ಅವಳನ್ನು ಕರೆದುಕೊಂಡು ಊರು ಬಿಡುತ್ತಾಳೆ. ಕಣ್ಣೀರು ಬಂದದ್ದು ನಿಜ. ಆದರೆ ಪ್ರೀತಿ ತೋರಿಸಿದರೆ ಸಾಕು, ಇಷ್ಟು ಆಳದ ಗಾಯವೂ ಮಾಯುತ್ತದೆ ಎಂದು ಈ ಕಥೆ ಸುಲಭವಾಗಿ ನಂಬಿಸುತ್ತಿದೆಯೇ ಎಂಬ ಸಂಶಯ ಉಳಿದಿದೆ. ತಮ್ಮ ಅಭಿಪ್ರಾಯ ತಿಳಿಸಬೇಕಾಗಿ ವಿನಂತಿ.

ಹಳೆಯ ನೋಡುಗ:
ಅಷ್ಟು ಸುಲಭವಾಗಿ ನಂಬಿಸುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಾವೊಳ ಬಂಧನವಾಗುತ್ತದೆ, ವಿಚಾರಣೆ ನಡೆಯುತ್ತದೆ, ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ನ್ಯಾಯಾಲಯ ಅವಳನ್ನು ಬಿಡುತ್ತದೆ. ಮಗುವನ್ನು ಮಾತ್ರ ಮುರೊರಾನಿನ ಮಕ್ಕಳ ಪಾಲನಾ ಕೇಂದ್ರಕ್ಕೆ ಸೇರಿಸಲಾಗುತ್ತದೆ. ಅಲ್ಲಿಂದ ಒಬ್ಬಳೇ ಹುಡುಕಿಕೊಂಡು ಬಂದ ಮಗುವನ್ನು ನಾವೊ ಮರಳಿ ಕಳುಹಿಸಲೇಬೇಕಾಗುತ್ತದೆ, ಮತ್ತು ಇಪ್ಪತ್ತು ವರ್ಷ ತುಂಬಿದಾಗ ತೆರೆದು ಓದು ಎಂದು ಅವಳ ಕೈಗೆ ಒಂದು ಪತ್ರ ಕೊಡುತ್ತಾಳೆ. ಗಾಯ ಮಾಯಿತು ಎಂದು ಎಲ್ಲಿಯೂ ಹೇಳದೆ, ಕಾಯಬೇಕಾದ ವರ್ಷಗಳ ಲೆಕ್ಕವನ್ನಷ್ಟೇ ಕೊಟ್ಟು ಕಥೆ ನಿಲ್ಲುತ್ತದೆ.

ಇನ್ನೊಂದು ಮಾತು. ರೆನಾಳ ಬಳಿ ತನಗೆ ಇಷ್ಟವಾದವುಗಳನ್ನು ಬರೆದಿಡುವ ಒಂದು ಪುಸ್ತಕವಿದೆ. ಇಷ್ಟವಿಲ್ಲದ್ದನ್ನು ಬರೆಯಲೂ ಕೂಡದು, ನೆನೆಯಲೂ ಕೂಡದು ಎಂಬುದು ಅವಳೇ ಹಾಕಿಕೊಂಡ ನಿಯಮ. ಹೊಡೆತ ತಿಂದ ಮಗು ಉಳಿದುಕೊಳ್ಳಲು ಕಂಡುಕೊಂಡ ಉಪಾಯ ಅದು. ನಾವೊ ಬರುವುದಕ್ಕೂ ಮೊದಲೇ ಅವಳಲ್ಲಿತ್ತು. ಕರುಣೆಯಿಂದ ಶಕ್ತಿ ಹುಟ್ಟಿತು ಎನ್ನುವುದಕ್ಕಿಂತ, ಇದ್ದ ಶಕ್ತಿಗೆ ಒಂದು ಆಸರೆ ಸಿಕ್ಕಿತು ಎನ್ನುವುದು ಸರಿಯಾದೀತು. ಹೆತ್ತ ತಾಯಿ ಹಿತೊಮಿಯ ಹಿಂದಿನ ದಿನಗಳನ್ನು ತೋರಿಸುವ 8ನೆಯ ಕಂತನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ಗಂಡನನ್ನು ಕಳೆದುಕೊಂಡು ಮಗಳನ್ನು ಅಕ್ಕರೆಯಿಂದಲೇ ಸಾಕುತ್ತಿದ್ದವಳು ನೆರವಿಗೆ ಯಾರೂ ಇಲ್ಲದೆ ಹಂತಹಂತವಾಗಿ ಕ್ರೂರಿಯಾಗುವುದನ್ನು ಅಲ್ಲಿ ಕ್ಷಮೆಯನ್ನೂ ಬೇಡದೆ, ದೂಷಣೆಯನ್ನೂ ಮಾಡದೆ ತೋರಿಸಲಾಗಿದೆ. ಇಡೀ ಧಾರಾವಾಹಿಯಲ್ಲಿ ನನಗೆ ಹೆಚ್ಚು ಮುಖ್ಯವೆನಿಸಿದ್ದು ಅದೇ.

ಕಡಲತಡಿ:
ಮೇಲಿನವರ ಮಾತನ್ನು ಒಪ್ಪಿಯೂ ನನ್ನದೊಂದು ಆಕ್ಷೇಪವಿದೆ. ಮಕ್ಕಳ ಮೇಲಿನ ದೌರ್ಜನ್ಯವನ್ನು ತಡೆಯುವ ಕಾಯ್ದೆ ಜಪಾನಿನಲ್ಲಿ 2000ದಲ್ಲೇ ಬಂದಿತ್ತು, ಮಕ್ಕಳ ಸಲಹಾ ಕೇಂದ್ರಗಳೂ ಇದ್ದವು. ಅವೆಲ್ಲ ಕೈಲಾಗದವು, ಒಬ್ಬಳ ಸಾಹಸವೇ ದಾರಿ ಎಂಬ ಭಾವನೆ ನೋಡುವವರಲ್ಲಿ ಉಳಿದರೆ ಅದು ಅಪಾಯಕಾರಿ. ‘ಮದರ್’ ಪ್ರಸಾರವಾದ ವಾಹಿನಿಯಲ್ಲೇ 2014ರಲ್ಲಿ ಬಂದ, ಪಾಲನಾ ಕೇಂದ್ರದ ಮಕ್ಕಳ ಕಥೆಯುಳ್ಳ ಧಾರಾವಾಹಿಯನ್ನು ನೆನೆಯಿರಿ. ರೆನಾ ಪಾತ್ರ ಮಾಡಿದ್ದ ಆಶಿದಾ ಮಾನಾಳೇ ಅದರಲ್ಲಿ, ಶಿಶುಗಳನ್ನು ಬಿಟ್ಟುಹೋಗುವ ತೊಟ್ಟಿಲಲ್ಲಿ ಸಿಕ್ಕ, ‘ಪೋಸ್ಟ್’ ಎಂಬ ಅಡ್ಡಹೆಸರಿನ ಹುಡುಗಿಯಾಗಿದ್ದಳು. ಅಂಥ ತೊಟ್ಟಿಲನ್ನು 2007ರಿಂದ ನಡೆಸುತ್ತಿರುವ ಕುಮಾಮೊಟೊದ ಜಿಕೆಯಿ ಆಸ್ಪತ್ರೆ ಪ್ರತಿಭಟಿಸಿತು, ಜಾಹೀರಾತುದಾರರು ಹಿಂದೆ ಸರಿದರು. ನೊಂದ ಮಕ್ಕಳ ಬಗ್ಗೆ ಕನಿಕರ ಹುಟ್ಟಿಸಹೊರಟ ಕಥೆಯೇ ಅಂಥ ಮಕ್ಕಳನ್ನು ಸಹಪಾಠಿಗಳ ಗೇಲಿಗೆ ಗುರಿಮಾಡಬಹುದೆಂಬ ಆತಂಕ ಅಲ್ಲಿತ್ತು.

ಬೆಳ್ಳಿಪರದೆ:
ಜಪಾನಿನ ನಿರ್ದೇಶಕ ಕೊರೆ-ಎಡಾ ಅವರ 2004ರ ‘ನೋಬಡಿ ನೋಸ್’ ಚಿತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ತಾಯಿ ಬಿಟ್ಟುಹೋದ ನಾಲ್ವರು ಮಕ್ಕಳಿಗೆ ಅಂಗಡಿಯ ಕೆಲಸದವರು ಮಿಕ್ಕ ತಿಂಡಿಯನ್ನು ಕೊಡುತ್ತಾರೆ. ಕರುಣೆ ಅಲ್ಲಿಯೂ ಇದೆ, ಆದರೆ ಅದು ಬಾಗಿಲಾಚೆಗೇ ನಿಲ್ಲುತ್ತದೆ. ಒಳಗೆ ಬಂದು ಈ ಮಕ್ಕಳ ಹೊಣೆ ಯಾರದೆಂದು ಯಾರೂ ಕೇಳುವುದಿಲ್ಲ. ನಾವೊ ಕೇಳಿದಳು, ತಪ್ಪು ದಾರಿಯಲ್ಲಾದರೂ. ಕಡಲತಡಿಯವರ ಆಕ್ಷೇಪ ನ್ಯಾಯವಾದದ್ದೇ; ಆದರೆ ಶಿಸ್ತಿನ ಹೆಸರಿನಲ್ಲಿ ಹೆತ್ತವರು ಮಕ್ಕಳನ್ನು ಹೊಡೆಯುವುದನ್ನು ಜಪಾನಿನ ಕಾನೂನು ಸ್ಪಷ್ಟವಾಗಿ ನಿಷೇಧಿಸಿದ್ದು 2020ರ ಏಪ್ರಿಲಿನಿಂದ, ಅಂದರೆ ಈ ಧಾರಾವಾಹಿ ಬಂದು ಹತ್ತು ವರ್ಷಗಳಾದ ಮೇಲೆ ಎಂಬುದನ್ನೂ ಗಮನಿಸಬೇಕು.

ಸಂಜೆಮಲ್ಲಿಗೆ:
ಎಲ್ಲರಿಗೂ ಧನ್ಯವಾದಗಳು. 8ನೆಯ ಕಂತನ್ನು ಮತ್ತೆ ನೋಡಿದೆ. ಹಿತೊಮಿಗೆ ಆ ಹೊತ್ತಿನಲ್ಲಿ ಒಬ್ಬರಾದರೂ ನೆರವಾಗಿದ್ದರೆ ನಾವೊಳ ಕಥೆಯೇ ಬೇಕಾಗುತ್ತಿರಲಿಲ್ಲವಲ್ಲ! ಒಂಟಿ ತಾಯಂದಿರನ್ನೇ ಕೇಂದ್ರದಲ್ಲಿಟ್ಟ ಜಪಾನಿ ಧಾರಾವಾಹಿಗಳಲ್ಲಿ, ಸಕಾಮೊಟೊ ಅವರದೇ 2013ರ ‘ವುಮನ್’ ಬಿಟ್ಟು, ಬೇರೆ ಯಾವುದನ್ನು ನೋಡಬಹುದು?