‘ಮಾದರಿ ಊರು’ ಅಂದರೆ ಎಂಥ ಊರು?

ಗೆಳೆಯರೇ,

ಒಂದು ಲೇಖನ ಬರೆಯುತ್ತಿದ್ದೇನೆ. ‘ಮಾದರಿ’ ಅನ್ನೋ ಪದದ ಹತ್ತಿರ ಬಂದು ಗಾಡಿ ನಿಂತಿದೆ. ನಿಮ್ಮ ಅಭಿಪ್ರಾಯ ಬೇಕು.

ಅಮೆರಿಕದ ಒಮಾಹಾದಲ್ಲಿರುವ ನನ್ನ ಭಾವ ಮನೆಯ ನೆಲಮಾಳಿಗೆಯಲ್ಲಿ ಒಂದು ಪುಟ್ಟ ರೈಲು ಊರು ಕಟ್ಟುತ್ತಿದ್ದಾರೆ, ಇಂಗ್ಲಿಷಿನವರ ‘ಮಾಡೆಲ್ ರೈಲು’. 1950ರ ಆಸುಪಾಸಿನ ನೆಬ್ರಾಸ್ಕಾದ ಸಣ್ಣ ಊರು. ಸ್ಟೇಷನ್, ನೀರಿನ ಟ್ಯಾಂಕು, ಒಂದೇ ಒಂದು ಅಂಗಡಿ ಬೀದಿ, ಹಳಿಯ ಪಕ್ಕ ಕಾಳು ತುಂಬಿಡುವ ಎತ್ತರದ ಕಟ್ಟಡ. ಇಂಥ ಊರು ಯಾವ ಭೂಪಟದಲ್ಲೂ ಇಲ್ಲ, ಅವರ ತಲೆಯಲ್ಲಿದೆ ಅಷ್ಟೇ. ಅಳತೆ 1:87. ಅಂದರೆ ಆರಡಿ ಆಳು ಇಲ್ಲಿ ಎರಡು ಸೆಂಟಿಮೀಟರ್ ಚಿಲ್ಲರೆ, 40 ಅಡಿಯ ಗೂಡ್ಸ್ ಡಬ್ಬಿ 14 ಸೆಂಟಿಮೀಟರ್. ಇದರ ಬಗ್ಗೆ ಅಲ್ಲಿನ ಕನ್ನಡಿಗರ ಸಂಚಿಕೆಗೆ ಬರೆದುಕೊಡಬೇಕು.

‘ಮಾದರಿ ರೈಲು ಊರು’ ಅಂತ ಬರೆದರೆ ಓದುವವರ ಮನಸ್ಸಿಗೆ ಏನು ಬರುತ್ತೆ? ಮಾದರಿ ಗ್ರಾಮ, ಮಾದರಿ ಶಾಲೆ, ಮಾದರಿ ರೈತ. ಉಳಿದವರು ನೋಡಿ ಕಲಿಯಬೇಕಾದ್ದು. ಚರಂಡಿ ಸ್ವಚ್ಛ, ಗೋಡೆಗೆ ಸುಣ್ಣ, ಬಾಗಿಲಲ್ಲಿ ಪ್ರಶಸ್ತಿ ಫಲಕ. ಭಾವ ಮಾಡುತ್ತಿರುವುದು ಪೂರಾ ಉಲ್ಟಾ. ಅಂಗಡಿಯಿಂದ ಹೊಳೆಯುವ ಹೊಸ ಡಬ್ಬಿ ತರುತ್ತಾರೆ. ತೆಳ್ಳಗೆ ಕಲಸಿದ ಕಪ್ಪು ಬಣ್ಣ ಬಳಿಯುತ್ತಾರೆ. ಅದು ಹಲಗೆಗಳ ಸಂದಿಗೆ ಇಳಿದು ಒಣಗಿದ ಮೇಲೆ ಕಂದು ಸೀಮೆಸುಣ್ಣದ ಪುಡಿಯನ್ನು ಮೆತ್ತನೆಯ ಬ್ರಷ್ಷಿನಲ್ಲಿ ಮೇಲಿಂದ ಕೆಳಕ್ಕೆ ಎಳೆಯುತ್ತಾರೆ. ಮಳೆನೀರು ತುಕ್ಕನ್ನು ಕೆಳಕ್ಕೇ ತಾನೆ ಇಳಿಸೋದು? ಅಡ್ಡ ಎಳೆದರೆ ಸುಳ್ಳು ಗೊತ್ತಾಗಿಬಿಡುತ್ತೆ. ಕೊನೆಗೆ ಡಬ್ಬಿ ಹತ್ತಾರು ವರ್ಷ ಬಿಸಿಲಲ್ಲಿ ನಿಂತ ಹಾಗೆ ಕಾಣುತ್ತೆ. ಈ ಕೆಲಸಕ್ಕೆ ಅವರು ವೆದರಿಂಗ್ ಅನ್ನುತ್ತಾರೆ. ನಾನು ‘ಮಾಸಿಸುವುದು’ ಅಂತ ಬರೆದಿದ್ದೇನೆ. ‘ಹಳಸುವುದು’ ಅಂದರೆ ಅನ್ನದ ವಾಸನೆ ಬರುತ್ತೆ, ಅದು ಬೇಡ.

ಸರಿ, ‘ಮಾದರಿ’ ಬಿಟ್ಟರೆ ಇನ್ನೇನು? ‘ಪ್ರತಿಕೃತಿ’, ‘ತದ್ರೂಪ’ ಎರಡೂ ಚೆನ್ನಾಗಿವೆ. ಆದರೆ ಎರಡಕ್ಕೂ ಮೊದಲು ಒಂದು ಮೂಲ ಬೇಕು. ಇಲ್ಲದ ಊರಿಗೆ ಪ್ರತಿಕೃತಿ ಎಲ್ಲಿಂದ? ‘ಅಣಕು ಊರು’ ಅಂದರೆ ಊರನ್ನೇ ಗೇಲಿ ಮಾಡಿದ ಹಾಗೆ. ‘ಚಿಕಣಿ’ ಚಿತ್ರಕಲೆಯವರ ಪದ, ಆದರೂ ಕಿವಿಗೆ ಹಿತ. ‘ಆಟಿಕೆ ರೈಲು’ ಅಂದರೆ ಭಾವ ಸಿಟ್ಟಾಗುತ್ತಾರೆ. ಪತ್ರಿಕೆಗಳಲ್ಲಿ ಊಟಿ ರೈಲನ್ನೂ ಹಾಗೇ ಕರೆಯುತ್ತಾರೆ, ಅದು ಬೇರೆ ಗೊಂದಲ. ‘ಪುಟಾಣಿ ರೈಲು’ ಅಂದರೆ ಬೆಂಗಳೂರಿನವರಿಗೆ ಕಬ್ಬನ್ ಪಾರ್ಕಿನ ಬಾಲಭವನ. ಸದ್ಯಕ್ಕೆ ‘ಕಿರು ಊರು’ ಅಂತ ಇಟ್ಟುಕೊಂಡಿದ್ದೇನೆ. ಆದರೆ ಅದು ಜನ ಕಮ್ಮಿ ಇರೋ ಹಳ್ಳಿ ಅಂತಲೂ ಕೇಳಿಸುತ್ತೆ, ಅಲ್ವಾ?

ಕ್ರಿಯಾಪದದ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ದಸರಾದಲ್ಲಿ ಗೊಂಬೆ ‘ಕೂರಿಸುತ್ತೇವೆ’. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಗೊಂಬೆಯ ಪಕ್ಕ ರಾಗಿ ಮೊಳಕೆಯ ಹುಲ್ಲು, ಪಾರ್ಕು, ಕೆರೆ, ಕೆಲವರು ರೈಲನ್ನೂ ಇಡುತ್ತಾರೆ. ‘ರೈಲು ಊರು ಕೂರಿಸಿದ್ದಾರೆ’ ಅಂದರೆ ಯಾರಿಗಾದರೂ ಅರ್ಥವಾಗುತ್ತೆ.

ಇಡೀ ಹರವಿಗೆ ಅವರು ಲೇಔಟ್ ಅನ್ನುತ್ತಾರೆ. ನಮಗೆ ಲೇಔಟ್ ಅಂದರೆ ಬಡಾವಣೆ, ಸೈಟು, ಖಾತೆ. ‘ಭಾವ ಒಂದು ಲೇಔಟ್ ಮಾಡಿದ್ದಾರೆ’ ಅಂತ ಬರೆದರೆ ಚದರಡಿ ರೇಟು ಕೇಳುತ್ತಾರೆ. ಅಲ್ಲಿನ ಡಿಪೋ ಅಂದರೆ ರೈಲು ನಿಲ್ದಾಣ, ನಮ್ಮ ಡಿಪೋ ಅಂದರೆ ಬಸ್ಸು. ಹಳಿಯ ಪಕ್ಕದ ಆ ಎತ್ತರದ ಕಟ್ಟಡ, ಗ್ರೇನ್ ಎಲಿವೇಟರ್, ಇನ್ನೂ ಕಷ್ಟ. ಬೆಲ್ಟಿಗೆ ಕಟ್ಟಿದ ಬುಟ್ಟಿಗಳು ಕಾಳನ್ನು ಮೇಲಕ್ಕೆ ಎತ್ತುತ್ತವೆ, ಅಲ್ಲಿಂದ ಕಾಳು ತನ್ನ ಭಾರಕ್ಕೆ ತಾನೇ ಡಬ್ಬಿಗೆ ಸುರಿಯುತ್ತೆ. ಉಗಿಯಿಂದ ನಡೆಯುವ ಮೊದಲನೆಯದು ಬಂದದ್ದು 1842ರಲ್ಲಿ, ಅಮೆರಿಕದ ಬಫಲೋ ನಗರದಲ್ಲಿ. ‘ಕಣಜ’ ಅಂದರೆ ಎತ್ತುವ ಭಾಗ ಬಿಟ್ಟುಹೋಗುತ್ತೆ. ‘ಎತ್ತುಗಣಜ’ ಅಂತ ಸೇರಿಸಿದರೆ ಒಳಗೆ ಎತ್ತು ಕಟ್ಟಿದ ಹಾಗಾಗುತ್ತೆ! ಸುಮ್ನೆ ‘ಕಣಜ’ ಅಂತಲೇ ಬಿಡಲಾ?

ಇನ್ನು ಪ್ರೋಟೋಟೈಪ್. ಈ ಹವ್ಯಾಸದವರ ಬಾಯಲ್ಲಿ ಅದು ನಿಜವಾದ, ಜನ ಓಡಾಡುವ ರೈಲು. ನಮ್ಮ ಪತ್ರಿಕೆಗಳ ‘ಮೂಲಮಾದರಿ’ ಅಂದರೆ ಕಾರ್ಖಾನೆಯವರು ಪರೀಕ್ಷೆಗೆ ಮಾಡುವ ಮೊದಲ ನಮೂನೆ. ಇಲ್ಲಿ ‘ಅಸಲಿ ರೈಲು’ ಸಾಕು ಅಂತ ನನ್ನ ಮತ. ಅಸಲಿ ಇಲ್ಲದೆ ತಾವೇ ಹುಟ್ಟಿಸಿದ ರೈಲಿಗೆ ಅವರು ಫ್ರೀಲಾನ್ಸ್ ಅನ್ನುತ್ತಾರೆ. ಅದಕ್ಕೆ ದೊಡ್ಡ ಹೆಸರು ಜಾನ್ ಅಲೆನ್. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿ ಅವರು ಕಟ್ಟಿದ ಕಲ್ಪನೆಯ ರೈಲಿನ ಹೆಸರು (Gorre & Daphetid) ನೋಡಲು ಎರಡು ಊರಿನ ಹೆಸರಿನಂತೆ, ಉಚ್ಚರಿಸಿದರೆ ‘ಗೋರಿ ಅಂಡ್ ಡಿಫೀಟೆಡ್’, ಅಂದರೆ ನೆತ್ತರು ಸುರಿಸಿ ಸೋತದ್ದು. 1973ರ ಜನವರಿಯಲ್ಲಿ ಅವರು ತೀರಿಕೊಂಡರು, ಕೆಲವೇ ದಿನಕ್ಕೆ ಅದೂ ಬೆಂಕಿಗೆ ಹೋಯಿತು. ತಮಾಷೆ ಇರುವುದು ಕಾಗುಣಿತಕ್ಕೂ ಉಚ್ಚಾರಕ್ಕೂ ನಡುವೆ. ನುಡಿದಂತೆ ಬರೆಯುವ ಕನ್ನಡದಲ್ಲಿ ಅದು ಸತ್ತೇಹೋಗುತ್ತೆ. ಮೇಲಾಗಿ ನಮಗೆ ಗೋರಿ ಅಂದರೆ ಸಮಾಧಿ.

ಹೆಸರಿನ ಇನ್ನೊಂದು ತೊಡಕು ನನಗೆ ಜಾಸ್ತಿ ಇಷ್ಟ. ನೆಬ್ರಾಸ್ಕಾದಲ್ಲಿ ಬರ್ಲಿಂಗ್ಟನ್ ರೈಲಿನವರು 1870ರ ದಶಕದಲ್ಲಿ ಹಳಿ ಹಾಕುತ್ತಾ ಊರುಗಳಿಗೆ ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲೇ ಹೆಸರಿಟ್ಟರು: ಕ್ರೀಟ್, ಡಾರ್ಚೆಸ್ಟರ್, ಎಕ್ಸೆಟರ್, ಫೇರ್‌ಮಾಂಟ್, ಗ್ರಾಫ್ಟನ್, ಹಾರ್ವರ್ಡ್, ಇನ್‌ಲ್ಯಾಂಡ್, ಜೂನಿಯಾಟಾ, ಕೆನೆಸಾ, ಲೋವೆಲ್. ಸಿ ಇಂದ ಎಲ್ ತನಕ. ಭಾವನ ಊರು ಹಾರ್ವರ್ಡಿಗೂ ಇನ್‌ಲ್ಯಾಂಡಿಗೂ ನಡುವೆ ಬರುತ್ತೆ, ಅದಕ್ಕೇ ‘ಹಾಲಿಸ್’ ಅಂತ ಹೆಸರು. ಇಲ್ಲದ ಊರಾದರೂ ಸಾಲು ತಪ್ಪಬಾರದು ಅನ್ನೋದು ಅವರ ಹಟ. ಕನ್ನಡ ಲಿಪಿಗೆ ಇಳಿಸಿದ ಕೂಡಲೇ ಕ, ಡ, ಎ, ಫ ಆಗಿ ಆ ಸಾಲು ಮಾಯ. ಓದುಗರಿಗೆ ಇದನ್ನು ಹೇಗೆ ಮುಟ್ಟಿಸುವುದು? ಸಿ, ಡಿ, ಇ ಅಂತ ಪ್ರತಿ ಹೆಸರಿನ ಹಿಂದೆ ಬರೆಯುವುದೊಂದೇ ದಾರಿಯೇ?

ಕೊನೆಗೊಂದು. ಹಾಲಿಸ್ ಸ್ಟೇಷನ್ ಮುಂದೆ ತೋಳು ಏರಿಳಿಸುವ ಸಿಗ್ನಲ್ ಕಂಬವಿದೆ. ಬರೆದುಕೊಟ್ಟ ಆದೇಶ ತೆಗೆದುಕೊಂಡು ಹೋಗಬೇಕೋ, ಹಾಗೇ ಸಾಗಬಹುದೋ ಅಂತ ಡ್ರೈವರಿಗೆ ಅದು ಹೇಳುತ್ತೆ. ದಾರಿ ತೋರುವ ಕಂಬಕ್ಕೆ ನಾವು ‘ಕೈಮರ’ ಅನ್ನುತ್ತೇವೆ, ಚಿಕ್ಕಮಗಳೂರಿನ ಹತ್ತಿರ ಆ ಹೆಸರಿನ ಜಾಗವೇ ಇದೆ. ಮಂಗಳೂರು ಕಡೆ ‘ಕೈಕಂಬ’. ರೈಲಿನ ಕಂಬಕ್ಕೂ ಈ ಪದ ಹೊಂದುತ್ತೆ ಅನ್ನಿಸುತ್ತೆ. ಹುಬ್ಬಳ್ಳಿ, ಮೈಸೂರು, ಅರಸೀಕೆರೆ ಕಡೆ ರೈಲ್ವೆಯಲ್ಲಿ ದುಡಿದವರ ಮನೆಗಳಲ್ಲಿ ಇದಕ್ಕೆ ಏನನ್ನುತ್ತಿದ್ದರು? ಗ್ಯಾಂಗ್‌ಮನ್, ಪಾಯಿಂಟ್ಸ್‌ಮನ್ ಬಾಯಲ್ಲಿ ಕೇಳಿದ ಪದ ಇದ್ದರೆ ಹೇಳಿ. ನಿಘಂಟಿನದ್ದು ಬೇಡ, ಅದು ನನ್ನ ಹತ್ತಿರವೂ ಇದೆ.