ಕಾಕಾನ ಬಂದೂಕು, ತಮ್ಮನ ಕೈ: ಗುನ್ಹೆ ಯಾರ ಮ್ಯಾಲ?

ಪ್ರಶ್ನೆ (ಸೇಡಂ ಕಡೆಯ ಸದಸ್ಯರು): ವಕೀಲ್ ಸಾಹೇಬ್ರಿಗೆ ನಮಸ್ಕಾರ. ಹೆಸರು, ಊರು ಹಾಕಂಗಿಲ್ರಿ, ತಿಳಕೋರಿ. ನಮ್ಮ ಕಾಕಾನ ಹೆಸರಲೆ ಒಂಟಿ ನಳಿಗಿ, ಹನ್ನೆರಡು ಬೋರಿನ ಬಂದೂಕು ಅದ. ಬೆಳಿ ಕಾಯಾಕ ಅಂತ ತಗೊಂಡ ಲೈಸೆನ್ಸ್, ರಿನಿವಲ್ ಎಲ್ಲಾ ಬರೋಬರಿ ಅದ. ಕಾಕಾ ಲಗ್ನಕ್ಕಂತ ಹೈದರಾಬಾದಿಗಿ ಹೋಗಿದ್ದ. ರಾತ್ರಿ ತೊಗರಿ ಹೊಲಕ್ಕ ಹಂದಿ ಬಂದಾವಂತ ನನ್ನ ತಮ್ಮ (19 ವರ್ಷ) ಬಂದೂಕು ತಗೊಂಡು ಹೋಗಿ ಸಪ್ಪಳ ಬಂದ ಕಡಿ ಹೊಡದಾನ. ಹಂದಿ ಅಲ್ರಿ ಅದು. ಬಾಜೂ ಹೊಲದವ ತ್ರೀಫೇಸ್ ಬಂತಂತ ಮೋಟಾರ್ ಚಾಲೂ ಮಾಡಾಕ ಹೋಗಿದ್ದ. ಮೊಣಕಾಲ ಕೆಳಗ ಛರ್ರಾ (ತೋಟಾದೊಳಗಿನ ಸಣ್ಣ ಗುಂಡು) ಹೊಕ್ಕಾವ, ಎಲುಬು ಮುರದದ. ಕಲಬುರಗಿ ದವಾಖಾನಿದಾಗ ಇದ್ದಾನ, ಜೀವಕ್ಕ ಧೋಖಾ ಇಲ್ಲ ಅಂದಾರ. ಊರ ಹಿರ್ಯಾರು ಕೂಡಿ, ಎರಡು ಲಕ್ಷ ಕೊಟ್ಟು ಮುಗಸ್ರಿ, ತಂತಿ ಬೇಲಿ ಮ್ಯಾಲ ಬಿದ್ದಾನಂತ ಹೇಳಿಕಿ ಕೊಡಸ್ರಿ ಅಂತಾರ. ಕಾಕಾ ಊರಾಗೇ ಇರಲಿಲ್ಲ, ಅವನ ಮ್ಯಾಲೂ ಕೇಸ್ ಆಗ್ತದೇನ್ರಿ?

ವಕೀಲರ ಉತ್ತರ: ಮೊದಲು ಆ ತಂತಿ ಬೇಲಿಯ ಮಾತು ಬಿಡಿ. ಛರ್ರಾ ಹೊಕ್ಕ ಕಾಲು ಎಕ್ಸ್‌ರೇ ಫಿಲ್ಮಿನ ಮೇಲೆ ಸಾಸಿವೆ ಚೆಲ್ಲಿದಂತೆ ಕಾಣುತ್ತದೆ, ಬೇಲಿ ತಂತಿ ಹಾಗೆ ಮಾಡುವುದಿಲ್ಲ. ಗುಂಡಿನ ಗಾಯ ಬಂದರೆ ದವಾಖಾನೆಯವರು ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ದಾಖಲೆ) ಮಾಡಿ ಠಾಣೆಗೆ ತಿಳಿಸುತ್ತಾರೆ, ನಿಮ್ಮಲ್ಲೂ ಇಷ್ಟೊತ್ತಿಗೆ ಹೋಗಿರುತ್ತದೆ. ಸುಳ್ಳು ಹೇಳಿಕೆ ಕೊಡಿಸಿದರೆ, ಬಂದೂಕು ತೊಳೆದಿಟ್ಟರೆ, ಖಾಲಿ ತೋಟಾ ಬಾವಿಗೆ ಎಸೆದರೆ ಸಾಕ್ಷ್ಯನಾಶದ ಕಲಂ ಬೇರೆ ಬರುತ್ತದೆ (ಭಾರತೀಯ ನ್ಯಾಯ ಸಂಹಿತೆಯ 238). ಆಗ ಹುಡುಗನ ಜೊತೆ ಸಲಹೆ ಕೊಟ್ಟ ಹಿರಿಯರೂ ಕಟಕಟೆ ಹತ್ತಬೇಕಾದೀತು. ಬಂದೂಕು ಹೇಗಿದೆಯೋ ಹಾಗೇ ಠಾಣೆಗೆ ಒಪ್ಪಿಸಿ, ರಸೀದಿ ತಗೊಳ್ಳಿ. ಕಲಬುರಗಿಯಲ್ಲೇ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಯಾವ ನಳಿಗೆಯಿಂದ ಏನು ಹಾರಿತು ಅನ್ನೋದು ಅಲ್ಲಿ ಗೊತ್ತಾಗುತ್ತದೆ.

ಈಗ ತಮ್ಮನ ವಿಚಾರ. ನೀವೆಲ್ಲ ಗಾಯದ ಕೇಸಿಗೆ ಹೆದರಿದ್ದೀರಿ. ಹೆದರಬೇಕಾದದ್ದು ಇನ್ನೊಂದಕ್ಕೆ. ಅಜಾಗರೂಕತೆಯಿಂದ ತೀವ್ರ ಗಾಯ ಮಾಡಿದ್ದಕ್ಕೆ ಸಂಹಿತೆಯ 125(ಬಿ): ಮೂರು ವರ್ಷದವರೆಗೆ ಸಜೆ, ಇಲ್ಲವೇ ಹತ್ತು ಸಾವಿರದವರೆಗೆ ದಂಡ, ಅಥವಾ ಎರಡೂ. ಎಲುಬು ಮುರಿದರೆ ಅದು ತೀವ್ರ ಗಾಯವೇ. ಆದರೆ ಇದು ಜಾಮೀನು ಸಿಗುವ ಅಪರಾಧ. ಲೈಸೆನ್ಸ್ ಇಲ್ಲದ ಕೈಯಲ್ಲಿ ಬಂದೂಕು ಇತ್ತು ಅನ್ನುವುದು ಬೇರೆಯೇ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 25(1ಬಿ) ಕಲಂಗೆ 2019ರ ತಿದ್ದುಪಡಿ ಆದ ಮೇಲೆ ಕನಿಷ್ಠ ಎರಡು ವರ್ಷ, ಗರಿಷ್ಠ ಐದು ವರ್ಷ ಸಜೆ, ಮೇಲೆ ದಂಡ. ಜಾಮೀನುರಹಿತ. ಅಂದರೆ ಆ ರಾತ್ರಿ ಗುಂಡು ಯಾರಿಗೂ ತಾಗದೆ ಹೋಗಿದ್ದರೂ ಇದು ಇದ್ದೇ ಇರುತ್ತಿತ್ತು. ಸಾಲದ್ದಕ್ಕೆ 21 ತುಂಬದವರಿಗೆ ಲೈಸೆನ್ಸೇ ಸಿಗುವುದಿಲ್ಲ, ನಿಮ್ಮ ತಮ್ಮನಿಗೆ 19. ತಡ ಮಾಡದೆ ಸೆಷನ್ಸ್ ನ್ಯಾಯಾಲಯದಲ್ಲಿ ನಿರೀಕ್ಷಣಾ ಜಾಮೀನಿಗೆ ಅರ್ಜಿ ಹಾಕಿಸಿ.

ಕಾಕಾ ಊರಲ್ಲಿ ಇರಲಿಲ್ಲ ಅನ್ನೋದು ಅರ್ಧ ಉತ್ತರ ಮಾತ್ರ. ಬಂದೂಕು ಎಲ್ಲಿತ್ತು, ಹೇಳಿ. ಟ್ರಂಕಿನಲ್ಲಿ ಬೀಗದೊಳಗೆ ಇತ್ತೋ, ನಮ್ಮ ಕಡೆ ಬಹಳ ಮನೆಗಳಲ್ಲಿ ಇರುವ ಹಾಗೆ ಪಡಸಾಲೆಯ ಗೂಟಕ್ಕೆ ತೂಗು ಹಾಕಿ, ತೋಟಾದ ಡಬ್ಬಿ ಮೇಲಿನ ಮಾಡದಲ್ಲಿ ಇಟ್ಟಿದ್ದರೋ? ಬೀಗ ಮುರಿದು ತಗೊಂಡಿದ್ದರೆ ಕಾಕಾನ ಮೇಲೆ ಹೇಳುವುದು ಕಷ್ಟ. "ಹಂದಿ ಬಂದ್ರ ತಗೊಂಡು ಹೋಗು" ಅಂತ ಹೇಳಿ ಹೋಗಿದ್ದರೆ, ಹಿಂದೆಯೂ ಹುಡುಗನ ಕೈಗೆ ಕೊಟ್ಟ ರೂಢಿ ಇದ್ದರೆ, ಅರ್ಹತೆ ಇಲ್ಲದವನಿಗೆ ಆಯುಧ ಕೊಟ್ಟದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 29, ಲೈಸೆನ್ಸಿನ ಷರತ್ತು ಮುರಿದದ್ದಕ್ಕೆ 30 ಬರುತ್ತವೆ. 30ನೇ ಕಲಂಗೆ ಆರು ತಿಂಗಳವರೆಗೆ ಸಜೆ ಇದೆ. ಇದೆಲ್ಲ ಕೋರ್ಟಿನಲ್ಲಿ ನಿಲ್ಲಲಿ ಬಿಡಲಿ, 17ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಲೈಸೆನ್ಸ್ ಅಮಾನತು ಮಾಡಬಹುದು, ರದ್ದೂ ಮಾಡಬಹುದು.

ಅಫಜಲಪುರದ ಸದಸ್ಯರು: ಕಾಕಾ ಒಂದು ಚೀಟಿ ಬರದು ಸಹಿ ಮಾಡಿ ಕೊಟ್ಟಿದ್ರ ನಡೀತಿತ್ತೇನ್ರಿ? ನಮ್ಮೂರಾಗ ಹಂಗೇ ಮಾಡ್ತಾರ.

ವಕೀಲರು: ಆ ಚೀಟಿಯ ಕಥೆ ಎಲ್ಲಾ ಊರಲ್ಲೂ ಇದೆ. ಕಾಯ್ದೆಯ 3ನೇ ಕಲಮಿನಲ್ಲಿ ಅಂಥ ಒಂದು ಅವಕಾಶ ಇರುವುದು ನಿಜ. ಲೈಸೆನ್ಸ್‌ದಾರ ಎದುರಿಗೆ ಇದ್ದಾಗ, ಅಥವಾ ಅವನು ಬರೆದು ಕೊಟ್ಟಾಗ, ಇನ್ನೊಬ್ಬರು ಬಂದೂಕು ಒಯ್ಯಬಹುದು. ಯಾತಕ್ಕೆ? ರಿಪೇರಿಗೆ, ಲೈಸೆನ್ಸ್ ನವೀಕರಣಕ್ಕೆ, ಇಲ್ಲವೇ ಲೈಸೆನ್ಸ್‌ದಾರನೇ ಬಳಸಲಿಕ್ಕೆ. ಹೊತ್ತು ತರಬಹುದು, ಕುದುರೆ ಎಳೆಯುವಂತಿಲ್ಲ. ಚೀಟಿ ಇದ್ದಿದ್ದರೆ ಈ ಕೇಸಿನಲ್ಲಿ ಕಾಕಾನ ವಿರುದ್ಧವೇ ಸಾಕ್ಷಿ ಆಗುತ್ತಿತ್ತು.

ಚಿತ್ತಾಪುರದ ಸದಸ್ಯರು: ನಂದೊಂದು ಸಂಶಯ ಸರ್. ಹುಡುಗ ಬೇಕಂತ ಹೊಡದಿಲ್ಲ. ಹಂದಿ ಅಂತ ತಿಳದು ಹೊಡದಾನ. ಆಕಸ್ಮಿಕ ಅಂದ ಮ್ಯಾಲ ಗುನ್ಹೆ ಹ್ಯಾಂಗ ಆಗ್ತದ? ಕಾನೂನಿನ್ಯಾಗ ಆಕಸ್ಮಿಕಕ್ಕ ಮಾಫಿ ಅದ ಅಂತ ಕೇಳೀನಿ.

ವಕೀಲರು: ಮಾಫಿ ಇದೆ. ಹಳೆಯ ದಂಡ ಸಂಹಿತೆಯಲ್ಲಿ 80, ಈಗ 2024ರ ಜುಲೈ 1ರಿಂದ ಬಂದ ನ್ಯಾಯ ಸಂಹಿತೆಯಲ್ಲಿ 18. ಅಲ್ಲಿ ಕೊಟ್ಟ ಉದಾಹರಣೆ ರೈತರಿಗೇ ಹೇಳಿದ ಹಾಗಿದೆ: ಒಬ್ಬ ಕೊಡಲಿಯಿಂದ ಕೆಲಸ ಮಾಡುತ್ತಿರುವಾಗ ಕಾವಿನಿಂದ ಕೊಡಲಿ ಹಾರಿ ಪಕ್ಕದವನಿಗೆ ಬಡಿದು ಅವನು ಸತ್ತರೆ, ಕೆಲಸ ಮಾಡುವವ ತಕ್ಕ ಎಚ್ಚರ ವಹಿಸಿದ್ದರೆ ಅಪರಾಧವಲ್ಲ. ಆದರೆ ಆ ಕಲಂ ಒಂದೇ ಉಸಿರಿನಲ್ಲಿ ಎಷ್ಟು ಕೇಳುತ್ತದೆ ನೋಡಿ. ಮಾಡುತ್ತಿದ್ದ ಕೆಲಸ ಕಾನೂನುಬದ್ಧ ಆಗಿರಬೇಕು, ಮಾಡಿದ ರೀತಿ, ಬಳಸಿದ ಸಾಧನ ಕಾನೂನುಬದ್ಧ ಆಗಿರಬೇಕು, ಮೇಲೆ ಎಚ್ಚರವೂ ಇರಬೇಕು. ಕಾವು ಸಡಿಲ ಇದೆ ಅಂತ ಗೊತ್ತಿದ್ದೂ ಬೀಸಿದವನಿಗೆ ಮಾಫಿ ಇಲ್ಲ.

ಕೋರ್ಟು ಈ ಮಾಫಿ ಕೊಟ್ಟೂ ಇದೆ. ಒಡಿಶಾ ಹೈಕೋರ್ಟಿನ 1978ರ ಒಂದು ತೀರ್ಪು ವಕೀಲರ ಬಾಯಲ್ಲಿ ಯಾವಾಗಲೂ ಇರುತ್ತದೆ. ಗೋವಿನಜೋಳದ ಹೊಲ ಕಾಯುತ್ತಿದ್ದ ಒಬ್ಬ, ಬೆಳೆಯೊಳಗೆ ಅಲುಗಿದ್ದನ್ನು ಕರಡಿ ಅಂತ ಪ್ರಾಮಾಣಿಕವಾಗಿ ನಂಬಿ ಬಾಣ ಬಿಟ್ಟ. ಒಳಗೆ ಅಡಗಿದ್ದವ ಮನುಷ್ಯ, ಸತ್ತ. ಹೊಡೆದವನಿಗೆ ರಕ್ಷಣೆ ಸಿಕ್ಕಿತು. ಇದನ್ನು ಹಿಡಿದುಕೊಂಡು ನಮ್ಮ ಕಡೆಯ ಕೇಸುಗಳಲ್ಲೂ ವಾದ ಮಾಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ಆ ಮನುಷ್ಯ ಅಲ್ಲಿ ಇರುತ್ತಾನೆಂದು ಅಂದುಕೊಳ್ಳಲು ಕಾರಣ ಇರಲಿಲ್ಲ, ಅವನು ಬೇರೆಯವರ ಬೆಳೆಯೊಳಗೆ ಅಡಗಿದ್ದ. ನಮ್ಮಲ್ಲಿ? ತೊಗರಿ ಆಳೆತ್ತರ ಬೆಳೆದ ಹೊತ್ತಿಗೆ ಅರ್ಧ ಊರು ಹೊಲದಲ್ಲಿ ವಸ್ತಿ ಇರುತ್ತದೆ. ಒಬ್ಬ ಮಂಚಿಗೆಯ ಮೇಲೆ, ಒಬ್ಬ ಬದುವಿನಲ್ಲಿ ಬೆಂಕಿ ಹಾಕಿಕೊಂಡು ಕೂತವ, ಕರೆಂಟು ಬಂತೆಂದು ಮೋಟಾರಿಗೆ ಓಡುವವ ಮತ್ತೊಬ್ಬ. ಬಾಜೂ ಹೊಲದವ ರಾತ್ರಿ ಬರುತ್ತಾನೆ ಅನ್ನುವುದು ನಿಮ್ಮ ತಮ್ಮನಿಗೂ ಗೊತ್ತಿತ್ತು. ಬ್ಯಾಟರಿ ಬಿಟ್ಟು ನೋಡದೆ, "ಯಾರದು?" ಅಂತ ಕೂಗದೆ ಸಪ್ಪಳಕ್ಕೆ ಗುಂಡು ಹೊಡೆದರೆ ತಕ್ಕ ಎಚ್ಚರ ಎಲ್ಲಿಂದ ಬಂತು? ಬಂದೂಕೂ ಅವನದಲ್ಲ, ಹಂದಿ ಹೊಡೆಯುವ ಪರವಾನಗಿಯೂ ಇಲ್ಲ. ಪೂರ್ತಿ ಬಿಡುಗಡೆ ಆಗುತ್ತದೆ ಅಂತ ನಂಬಿಸಿ ಫೀಸು ತಗೊಳ್ಳುವವರ ಬಗ್ಗೆ ಜೋಕೆ. ಶಿಕ್ಷೆ ಕಡಿಮೆ ಮಾಡಿಸುವ ವಾದಕ್ಕೆ ಜಾಗ ಇದೆ, ಅದನ್ನು ಮಾಡೋಣ.

ಬಾಜೂ ಹೊಲದವ ಬದುಕಿದ್ದು ನಿಮ್ಮ ಪುಣ್ಯ ಅಂತಲೂ ಹೇಳಿಬಿಡುತ್ತೇನೆ. ಜೀವ ಹೋಗಿದ್ದರೆ ನ್ಯಾಯ ಸಂಹಿತೆಯ 106(1), ನಿರ್ಲಕ್ಷ್ಯದಿಂದ ಸಾವು. ಹಳೆಯ 304ಎ ಕಲಮಿನಲ್ಲಿ ಎರಡು ವರ್ಷ ಇದ್ದ ಗರಿಷ್ಠ ಸಜೆ ಈಗ ಐದು ವರ್ಷ ಆಗಿದೆ, ಅದರಲ್ಲಿ ರಾಜಿಯೂ ಇಲ್ಲ.

ಕಲಬುರಗಿಯಿಂದ ಒಬ್ಬ ಸದಸ್ಯೆ: ಸರ್, ನಾನು ಗುಂಡು ತಾಗಿದವರ ಕಡೆಯಾಕಿ ಅಲ್ಲ, ಆದ್ರ ಕೇಳಲೇಬೇಕಾಗೇದ. ಎಲ್ಲಾರೂ ಹೊಡದವರ ಬಗ್ಗೆನೇ ಕೇಳಾಕತ್ತೀರಿ. ಆ ಮನಿ ಹೆಣ್ಮಗಳು ಎರಡು ಲಕ್ಷ ತಗೊಂಡು ಕಾಗದಕ್ಕ ಹೆಬ್ಬಟ್ಟು ಒತ್ತಬೇಕೋ ಬ್ಯಾಡೋ?

ವಕೀಲರು: ಒಳ್ಳೆಯದು ಕೇಳಿದಿರಿ ಅಕ್ಕಾ. ದವಾಖಾನೆ ಖರ್ಚಿಗೆ ಅಂತ ಹಣ ತಗೊಳ್ಳುವುದರಲ್ಲಿ ತಪ್ಪಿಲ್ಲ. "ದವಾಖಾನೆ ಖರ್ಚಿಗೆ ಕೊಟ್ಟದ್ದು" ಅಂತಷ್ಟೇ ಬರೆಸಿ. "ಇನ್ನು ನಮ್ಮ ತಕರಾರಿಲ್ಲ" ಅನ್ನುವ ಸಾಲಿಗೆ ಹೆಬ್ಬಟ್ಟು ಈಗಲೇ ಬೇಡ. ಎಲುಬಿಗೆ ರಾಡ್ ಹಾಕಬೇಕೋ, ಎರಡನೇ ಆಪರೇಷನ್ ಆಗಬೇಕೋ, ಮುಂದಿನ ಬಿತ್ತಿಗೆಗೆ ಅವರು ಕೂರಿಗೆ ಹಿಡಿಯುತ್ತಾರೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಗಾಯದ ಕೇಸು ನ್ಯಾಯಾಲಯದ ಅನುಮತಿಯಿಂದ ರಾಜಿ ಆಗಬಲ್ಲದು. ಶಸ್ತ್ರಾಸ್ತ್ರ ಕಾಯ್ದೆಯದು ಆಗುವುದಿಲ್ಲ, ಅದು ಸರ್ಕಾರದ ಕೇಸು. ಕಟ್ಟೆಯ ಮೇಲೆ ಮುಗಿಸಿಬಿಡುತ್ತೇವೆ ಅನ್ನುವ ಹಿರಿಯರಿಗೆ ಇದು ಗೊತ್ತಿರುವುದಿಲ್ಲ. ಪರಿಹಾರಕ್ಕೆ ಸಿವಿಲ್ ದಾವೆ ಬೇರೆ ಹಾಕಬಹುದು. ಅಲ್ಲಿ ಹುಡುಗನ ಜೊತೆ ಬಂದೂಕು ಜತನ ಮಾಡದ ಕಾಕಾನನ್ನೂ ಪ್ರತಿವಾದಿ ಮಾಡಬಹುದು. ವಕೀಲರಿಗೆ ಕೊಡಲು ಹಣ ಇಲ್ಲದಿದ್ದರೆ ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು.

ಜೇವರ್ಗಿಯ ಸದಸ್ಯರು: ನಮ್ಮ ಮುತ್ಯಾ ತೀರಿಕೊಂಡು ಎರಡು ವರ್ಷ ಆಯ್ತು. ಬಂದೂಕು ಮನ್ಯಾಗೇ ಅದ, ಯಾರೂ ಮುಟ್ಟಿಲ್ಲ. ದಸರಾಕ್ಕ ಪೂಜಿ ಅಷ್ಟ.

ವಕೀಲರು: ಯಾರೂ ಮುಟ್ಟದಿದ್ದರೂ ಈಗ ಅದು ಲೈಸೆನ್ಸ್ ಇಲ್ಲದ ಬಂದೂಕು, ಮನೆಯಲ್ಲಿ ಇಟ್ಟುಕೊಂಡವರ ಮೇಲೆ ಬರುತ್ತದೆ. ಲೈಸೆನ್ಸ್, ತೀರಿಕೊಂಡವನ ಜೊತೆಗೇ ಹೋಗುತ್ತದೆ. ಠಾಣೆಯಲ್ಲೋ ಲೈಸೆನ್ಸ್ ಇರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು, ವಾರಸುದಾರರಲ್ಲಿ ಒಬ್ಬರ ಹೆಸರಿಗೆ ಅರ್ಜಿ ಹಾಕಿ, ಉಳಿದವರ ಒಪ್ಪಿಗೆ ಪತ್ರ ಹಚ್ಚಿ. ಬದುಕಿರುವಾಗಲೇ ದಾಟಿಸುವ ದಾರಿಯೂ 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿದೆ: ಲೈಸೆನ್ಸ್‌ದಾರರಿಗೆ 70 ದಾಟಿದ್ದರೆ, ಅಥವಾ 25 ವರ್ಷ ಬಂದೂಕು ಇಟ್ಟುಕೊಂಡಿದ್ದರೆ ಮಕ್ಕಳ ಹೆಸರಿಗೆ ಕೇಳಬಹುದು. ಮುತ್ಯಾ ಇದ್ದಾಗಲೇ ಈ ಕೆಲಸ ಮುಗಿಸುವ ಮನೆ ನಾನು ನೋಡಿದ್ದು ಕಡಿಮೆ. ಪೂಜೆಗೆ ಕುಡುಗೋಲು, ಕೂರಿಗೆ ಸಾಕು.

ಚಿಂಚೋಳಿಯ ಸದಸ್ಯರು: ನಮಗ ಲೈಸೆನ್ಸೇ ಕೊಡಾಕತ್ತಿಲ್ರಿ. ಕಾಡು ಬಾಜೂಕೇ ಅದ, ಹಂದಿ ಬಿಡವಲ್ಲವು. ಕೊಡಗಿನವರಿಗಿ ಲೈಸೆನ್ಸ್ ಇಲ್ಲದೇ ನಡೀತದಂತ, ನಮಗ ಯಾಕಿಲ್ಲ? ಕಡೀಕ ಕರೆಂಟ್ ತಂತಿ ಬಿಡಬೇಕಾಗ್ತದ.

ವಕೀಲರು: ಕೊಡಗಿನದು ಅವರ ಜಮ್ಮಾ (ವಂಶಪಾರಂಪರ್ಯ ಜಮೀನಿನ) ಹಿಡುವಳಿದಾರರಿಗೆ, ಕೊಡವ ಜನಾಂಗಕ್ಕೆ ಕೇಂದ್ರ ಕೊಟ್ಟ ವಿನಾಯಿತಿ, 2029ರವರೆಗೆ ಮುಂದುವರಿಸಿದ್ದಾರೆ. ನಮಗೆ ಅನ್ವಯಿಸುವುದಿಲ್ಲ. ನಿಮ್ಮ ತೊಡಕು ಬೇರೆ. ಚಿಂಚೋಳಿ 2011ರಿಂದ ವನ್ಯಜೀವಿಧಾಮ. ಅಭಯಾರಣ್ಯದಿಂದ ಹತ್ತು ಕಿಲೋಮೀಟರ್ ಒಳಗೆ ಹೊಸ ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಬೇಕು ಅಂತ 1972ರ ವನ್ಯಜೀವಿ ಕಾಯ್ದೆಯ 34ನೇ ಕಲಂ ಹೇಳುತ್ತದೆ. ಅರ್ಜಿ ಅಲ್ಲೇ ನಿಂತಿರುತ್ತದೆ. ಯಾವ ಕಾರಣಕ್ಕೆ ನಿಂತಿದೆ ಅಂತ ಲಿಖಿತವಾಗಿ ಕೇಳಿ.

ಲೈಸೆನ್ಸ್ ಸಿಕ್ಕರೂ ಅದು ಬಂದೂಕಿಗೆ, ಹಂದಿಗೆ ಅಲ್ಲ. ಹಂದಿ ಹೊಡೆಯಲು ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಬರಹದ ಆದೇಶ ಬೇರೆ ಬೇಕು. ನಿಮ್ಮ ಮೇಲೆ, ಇನ್ನೊಬ್ಬರ ಮೇಲೆ ಬಿದ್ದಾಗ ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ, ಬೆಳೆ ಉಳಿಸಿಕೊಳ್ಳಲು ಅಂದರೆ ಆ ಮಾತು ನಡೆಯುವುದಿಲ್ಲ. ಕತ್ತಲಲ್ಲಿ ಹಂದಿ ಅಂದುಕೊಂಡದ್ದು ಚಿಗರಿ ಆಗಿದ್ದರೆ ಮುಗಿಯಿತು. ಕೃಷ್ಣಮೃಗ ಒಂದನೇ ಅನುಸೂಚಿ (ಅತಿ ಹೆಚ್ಚು ರಕ್ಷಣೆ ಇರುವ ಪ್ರಾಣಿಗಳ ಪಟ್ಟಿ), ಕನಿಷ್ಠವೇ ಮೂರು ವರ್ಷ ಸಜೆ. ಬೆಳೆ ಹಾನಿಯ ಫೋಟೊ ತೆಗೆದು ವಲಯ ಅರಣ್ಯಾಧಿಕಾರಿ ಕಚೇರಿಗೆ ಪರಿಹಾರದ ಅರ್ಜಿ ಕೊಡಿ. ಸಿಗುವುದು ಕಡಿಮೆ ಅನ್ನುತ್ತೀರಿ, ಒಪ್ಪುತ್ತೇನೆ.

ಆ ಕರೆಂಟ್ ತಂತಿಯ ಮಾತು ಇನ್ನೊಮ್ಮೆ ಆಡಬೇಡಿ. ಬಂದೂಕಿನ ಮುಂದೆ ನಿಂತವನಾದರೂ ಕೂಗಬಹುದು. ಸರ್ವಿಸ್ ವೈರಿಗೆ ಕೊಂಡಿ ಹಾಕಿ ಬದುವಿಗೆ ಬಿಟ್ಟ ತಂತಿ ದನ ಕಾಯುವ ಹುಡುಗನಿಗೂ ಕಾಣುವುದಿಲ್ಲ. ಜೀವ ಹೋಗುತ್ತದೆಂದು ಗೊತ್ತಿದ್ದೂ ಬಿಟ್ಟಿರಿ ಅಂತ ಪೊಲೀಸರು ನಿರ್ಲಕ್ಷ್ಯದ ಕಲಂ ಬಿಟ್ಟು ನ್ಯಾಯ ಸಂಹಿತೆಯ 105ನೇ ಕಲಂ (ಕೊಲೆಯಲ್ಲದ ನರಹತ್ಯೆ) ಹಾಕಬಹುದು. ವಿದ್ಯುತ್ ಕಳವಿನ ಕೇಸು ಅದರ ಮೇಲೆ.

ಭಾಲ್ಕಿಯ ಸದಸ್ಯರು: ಲಗ್ನದ ಬರಾತಿನ್ಯಾಗ ಗಾಳಿಗಿ ಹೊಡದ್ರ?

ವಕೀಲರು: ಶಸ್ತ್ರಾಸ್ತ್ರ ಕಾಯ್ದೆಯ 25(9). ಎರಡು ವರ್ಷದವರೆಗೆ ಸಜೆ, ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ವಿಡಿಯೊ ನಿಮ್ಮ ಕಡೆಯವರೇ ಸ್ಟೇಟಸ್ಸಿಗೆ ಹಾಕಿರುತ್ತಾರೆ, ಪೊಲೀಸರಿಗೆ ಕೆಲಸ ಹಗುರ.

ಸುರಪುರದ ಸದಸ್ಯರು: ನಾಡಬಂದೂಕಿಗೂ ಇದೇ ಕಾಯ್ದೇನಾ ಸರ್? ಮದ್ದು ತುಂಬಿ ಹೊಡಿಯೂದು.

ವಕೀಲರು: ಇದೇ. ಬಾಯಿಂದ ಮದ್ದು ತುಂಬುವ ಬಂದೂಕಿಗೆ ಬೆಳೆ ಕಾಯಲು ಲೈಸೆನ್ಸ್ ಕೊಡಲು ಕಾಯ್ದೆಯಲ್ಲೇ ದಾರಿ ಇದೆ. ಲೈಸೆನ್ಸ್ ಇಲ್ಲದೆ ಮಾಡಿಕೊಡುವ, ರಿಪೇರಿ ಮಾಡುವ ಕಮ್ಮಾರನಿಗೆ ಮಾತ್ರ ಕನಿಷ್ಠ ಏಳು ವರ್ಷ. ಇನ್ನೂರು ಮುನ್ನೂರು ರೂಪಾಯಿಗೆ ಅವನನ್ನು ಅದಕ್ಕೆ ಎಳೆಯಬೇಡಿ.

ಸೇಡಂ ಕಡೆಯ ಸದಸ್ಯರು: ಸಾಹೇಬ್ರ, ಕಾಕಾ ವಾಪಸ್ ಬಂದಾನ. ಬಂದೂಕು ಠಾಣಾಕ್ಕ ಕೊಟ್ಟೀವಿ. ಬೀಗದ ಮಾತು ಕೇಳಿದ್ರಲ್ಲ, ಟ್ರಂಕ್ ಇತ್ತು, ಬೀಗ ಇತ್ತು, ಕೀಲಿ ದೇವರ ಮಾಡದಾಗ ಇತ್ತು. ಮನಿ ಮಂದಿಗೆಲ್ಲಾ ಗೊತ್ತಿತ್ತು.

ವಕೀಲರು: ಅದನ್ನೇ ಹೇಳಿ, ಕೀಲಿ ಕಾಕಾನ ಕಿಸೆಯಲ್ಲಿತ್ತು ಅಂತ ತಿದ್ದಬೇಡಿ. ರಸೀದಿಯಲ್ಲಿ ಬಂದೂಕಿನ ನಂಬರು, ಎಷ್ಟು ತೋಟಾ ಒಪ್ಪಿಸಿದಿರಿ ಅನ್ನೋದು ಇದೆಯಾ ನೋಡಿ, ಲೈಸೆನ್ಸ್ ಪುಸ್ತಕದಲ್ಲಿ ಖರೀದಿ ಮಾಡಿದ ತೋಟಾದ ಲೆಕ್ಕಕ್ಕೆ ಹೊಂದಬೇಕು. ಹೊಂದದಿದ್ದರೆ ಉಳಿದವು ಎಲ್ಲಿ ಖರ್ಚಾದವು ಅಂತ ಕಾಕಾನನ್ನು ಕೇಳುತ್ತಾರೆ. ಪುಸ್ತಕದ ಎಲ್ಲಾ ಪುಟದ ಜೆರಾಕ್ಸ್ ತಗೊಂಡು ತಮ್ಮನನ್ನು ಕರೆದುಕೊಂಡು ಬನ್ನಿ, ಜಾಮೀನು ಅರ್ಜಿ ತಯಾರು ಮಾಡೋಣ. ಬರುವಾಗ ದವಾಖಾನೆಗೂ ಹೋಗಿ ಬನ್ನಿ, ಹಿರಿಯರನ್ನು ಬಿಟ್ಟು ಕಾಕಾ ಒಬ್ಬರೇ ಹೋಗಲಿ.