65 ಇಂಚು ನಮ್ಮ ಹಾಲ್‌ಗೆ ಹೊಂದುತ್ತದಾ? ದೊಡ್ಡ ಟಿವಿ ಕೊಳ್ಳುವವರ ಪ್ರಶ್ನೋತ್ತರ

ಗುಂಪಿನ ಸೂಚನೆ: ಈ ವಾರ ದೊಡ್ಡ ಟಿವಿ. ಆಯ್ಕೆಯ ಪ್ರಶ್ನೆಗಳಿಗೆ ಟಿವಿ ಸರ್ವಿಸ್ ಕೆಲಸದವರು, ಗೋಡೆ ಮತ್ತು ಕರೆಂಟಿನ ಪ್ರಶ್ನೆಗಳಿಗೆ ಫಿಟ್ಟಿಂಗ್ ಕೆಲಸದವರು ಉತ್ತರಿಸುತ್ತಾರೆ. ಹಾಲ್‌ನ ಅಳತೆ, ಕಿಟಕಿಯ ದಿಕ್ಕು, ಮನೆಯಲ್ಲಿ ಏನು ನೋಡುತ್ತೀರಿ, ಈ ಮೂರನ್ನೂ ಬರೆಯದೆ "ಯಾವ ಕಂಪನಿ ಒಳ್ಳೆಯದು" ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ (ಡೊಂಬಿವಲಿ ಪೂರ್ವ)
ಅಣ್ಣ, ನಮ್ಮದು ಒನ್ ಬಿಎಚ್‌ಕೆ. ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಸೋಫಾ ಉದ್ದದ ಗೋಡೆಗೆ, ಟಿವಿ ಅದರ ಎದುರು ಗೋಡೆಗೆ. ಈಗಿರುವುದು 32 ಇಂಚು. ಮಗ 65 ಬೇಕು ಅಂತಾನೆ, ನಮ್ಮನೆಯವರು 55 ಸಾಕು ಅಂತಾರೆ. ಅತ್ತೆ ಸಂಜೆ 6ರಿಂದ 10ರ ತನಕ ಕೇಬಲ್‌ನಲ್ಲಿ ಕನ್ನಡ ಧಾರಾವಾಹಿ ನೋಡ್ತಾರೆ. ಉಳಿದವರದ್ದು ಒಟಿಟಿ ಮತ್ತು ಐಪಿಎಲ್. ಕಿಟಕಿ ಪಶ್ಚಿಮಕ್ಕಿದೆ.

ಉತ್ತರ (ಸರ್ವಿಸ್)
ಅಕ್ಕ, ಮೊದಲು ಟೇಪ್ ಹಿಡಿಯಿರಿ. ಗೋಡೆಯಿಂದ ಗೋಡೆಗೆ ಅಲ್ಲ, ಕೂತವರ ಕಣ್ಣಿನಿಂದ ಪರದೆಗೆ. 10 ಅಡಿಯಲ್ಲಿ ಸೋಫಾದ ಬೆನ್ನು ಒಂದೂವರೆ ಅಡಿ ತಿನ್ನುತ್ತದೆ, ಟಿವಿ ಮತ್ತು ಬ್ರ್ಯಾಕೆಟ್ ಸೇರಿ ಇನ್ನರ್ಧ ಅಡಿ. ಉಳಿಯುವುದು 8 ಅಡಿ, ಅಂದರೆ 96 ಇಂಚು. ಅದನ್ನು 1.6ರಿಂದ ಭಾಗಿಸಿ, 60 ಬರುತ್ತದೆ. ದಿನವೂ ಆರಾಮಾಗಿ ನೋಡುವ ಗಾತ್ರ ಅದರ ಆಸುಪಾಸು. 1.2ರಿಂದ ಭಾಗಿಸಿದರೆ 80, ಅದು ಥಿಯೇಟರ್‌ನ ಹಾಗೆ ಕಣ್ಣು ತುಂಬುವ ಗಾತ್ರ. ನಿಮ್ಮ ಹಾಲ್‌ಗೆ 55 ಚಿಕ್ಕದಲ್ಲ, 65 ದೊಡ್ಡದೂ ಅಲ್ಲ. ಇನ್ನು ಗೋಡೆ: 55ರ ಪರದೆ ಸುಮಾರು 122 ಸೆಂ.ಮೀ. ಅಗಲ, 65ರದ್ದು 144 ಸೆಂ.ಮೀ., ಅಂದರೆ 4 ಅಡಿ 9 ಇಂಚು. ಹಳೇ ಪೇಪರನ್ನು ಆ ಅಳತೆಗೆ ಅಂಟಿಸಿ, ಗೋಡೆಗೆ ಹಚ್ಚಿ ಎರಡು ದಿನ ನೋಡಿ. ಬೆಡ್‌ರೂಮ್ ಬಾಗಿಲು ತೆರೆದಾಗ ಅದಕ್ಕೆ ತಾಗುತ್ತದಾ ಅನ್ನುವುದು ಆಗ ಗೊತ್ತಾಗುತ್ತದೆ.

ತೀರ್ಮಾನ ಮಾಡಬೇಕಾದದ್ದು ನಿಮ್ಮ ಅತ್ತೆಯ ಧಾರಾವಾಹಿ. ಕೇಬಲ್‌ನ ಸಾಧಾರಣ ಚಾನೆಲ್ ಅಂದರೆ 720 ಅಡ್ಡ, 576 ಉದ್ದದ ಚುಕ್ಕೆಗಳ ಚಿತ್ರ, ಒಟ್ಟು ಸುಮಾರು 4.15 ಲಕ್ಷ ಚುಕ್ಕೆ. ನೀವು ಕೊಳ್ಳುವ 4ಕೆ ಪರದೆಯಲ್ಲಿ 3840 ಅಡ್ಡ, 2160 ಉದ್ದ, ಸುಮಾರು 83 ಲಕ್ಷ ಚುಕ್ಕೆ. ಅಂದರೆ ಪ್ರತಿ 20 ಚುಕ್ಕೆಯಲ್ಲಿ 19ನ್ನು ಟಿವಿ ತಾನೇ ಊಹಿಸಿ ತುಂಬಬೇಕು. ಆಗ ಮುಖಗಳು ಮೇಣ ಬಳಿದ ಹಾಗೆ ಕಾಣುತ್ತವೆ, ಸೀರೆಯ ಜರಿ ಅಂಚು ಕುದಿಯುತ್ತದೆ. 32 ಇಂಚಿನಲ್ಲಿ ಇದು ಅಡಗಿತ್ತು, 65ರಲ್ಲಿ ಅಡಗುವುದಿಲ್ಲ. ಎಚ್‌ಡಿ ಚಾನೆಲ್ ಆದರೆ 20.7 ಲಕ್ಷ ಚುಕ್ಕೆ, ಊಹೆ ನಾಲ್ಕರಲ್ಲಿ ಮೂರು ಮಾತ್ರ. ಹಾಗಾಗಿ ಕೇಬಲ್‌ನವರ ಹತ್ತಿರ ಕಲರ್ಸ್ ಕನ್ನಡ, ಸುವರ್ಣ ಎಚ್‌ಡಿಯಲ್ಲಿ ಸಿಗುತ್ತವಾ ಕೇಳಿ. ಮಹಾರಾಷ್ಟ್ರದ ಪ್ಯಾಕ್‌ಗಳಲ್ಲಿ ಕನ್ನಡ ಅಂದರೆ ಸಾಧಾರಣ ಚಾನೆಲ್ ಮಾತ್ರ ಹಾಕಿರುವುದು ಮಾಮೂಲು, ಎಚ್‌ಡಿಯನ್ನು ಬಿಡಿಯಾಗಿ ಸೇರಿಸಬೇಕು. ಸಿಕ್ಕರೆ 65, ಸಿಗದಿದ್ದರೆ 55.

ಡೊಂಬಿವಲಿ
ಈಗಲೇ ಎಚ್‌ಡಿ ಬಾಕ್ಸ್ ಇದೆಯಲ್ಲ ಅಣ್ಣ. ಆದ್ರೂ ಮಬ್ಬು.

ಉತ್ತರ (ಸರ್ವಿಸ್)
ಬಾಕ್ಸ್‌ನ ಹಿಂದೆ ನೋಡಿ. ಕೆಂಪು, ಬಿಳಿ, ಹಳದಿ ಮೂರು ಪಿನ್ನಿನ ವೈರ್ ಇದ್ದರೆ ಎಚ್‌ಡಿ ಬಾಕ್ಸ್ ಇದ್ದೂ ಪ್ರಯೋಜನ ಇಲ್ಲ, ಎಚ್‌ಡಿಎಂಐ ವೈರ್ ಹಾಕಿ. ಹಾಕಿದ ಮೇಲೂ ಬಾಕ್ಸ್‌ನ ಸೆಟ್ಟಿಂಗ್‌ನಲ್ಲಿ ವಿಡಿಯೊ ಔಟ್‌ಪುಟ್ 576ರಲ್ಲೇ ಕೂತಿರಬಹುದು, ಹಾಗಿದ್ದರೆ ಅದನ್ನು 1080ಕ್ಕೆ ಬದಲಿಸಿ. ಚಾನೆಲ್ ನಂಬರನ್ನೂ ಗಮನಿಸಿ: ಅದೇ ಚಾನೆಲ್‌ನ ಸಾಧಾರಣ ಮತ್ತು ಎಚ್‌ಡಿ ನಂಬರ್ ಬೇರೆ ಬೇರೆ, ಹಿರಿಯರು ರೂಢಿಯ ಮೇಲೆ ಹಳೆಯದನ್ನೇ ಒತ್ತುತ್ತಾರೆ. "ಟಿವಿ ಸರಿ ಇಲ್ಲ" ಅಂತ ಬರುವ ದೂರಿನಲ್ಲಿ ಇಂಥದ್ದೇ ಹೆಚ್ಚು.

ಪಶ್ಚಿಮದ ಕಿಟಕಿಗೆ ಒಂದು ಪರೀಕ್ಷೆ ಇದೆ. ಸಂಜೆ 4 ಗಂಟೆಗೆ ಫೋನಿನ ಪರದೆ ಆರಿಸಿ, ಟಿವಿ ಬರುವ ಜಾಗದಲ್ಲಿ ಗೋಡೆಗೆ ಒಬ್ಬರು ಹಿಡಿಯಲಿ. ನೀವು ಸೋಫಾದಲ್ಲಿ ಕೂತು ನೋಡಿ. ಆ ಕಪ್ಪು ಗಾಜಿನಲ್ಲಿ ಕಿಟಕಿ ಕಂಡರೆ ಟಿವಿಯಲ್ಲೂ ಕಾಣುತ್ತದೆ, ಎಷ್ಟು ದುಡ್ಡು ಕೊಟ್ಟರೂ. ಆಗ ಕಿಟಕಿಗೆ ದಪ್ಪ ಕರ್ಟನ್ ಹಾಕಿ, ಇಲ್ಲವೇ ಟಿವಿಯನ್ನು ಪಕ್ಕದ ಗೋಡೆಗೆ ಸರಿಸಿ.

ಪ್ರಶ್ನೆ (ಪುಣೆ, ವಾಕಡ್)
ಸರ್, ತಾಪಕೀರ್ ಗಲ್ಲಿಯಿಂದ ಹಿಡಿದು ಮಾಲ್ ತನಕ ತಿರುಗಿದ್ದಾಯಿತು. ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಒಎಲ್‌ಇಡಿ, ಒಬ್ಬೊಬ್ಬರದು ಒಂದೊಂದು ಮಾತು. ಎಲ್ ಆಕಾರದ ಸೋಫಾ, ಆರು ಜನ ಕೂರುತ್ತೇವೆ. ಅಪ್ಪ ಇಡೀ ದಿನ ನ್ಯೂಸ್ ಹಾಕಿರುತ್ತಾರೆ.

ಉತ್ತರ (ಸರ್ವಿಸ್)
ಕ್ಯೂಎಲ್‌ಇಡಿ ಮತ್ತು ಒಎಲ್‌ಇಡಿ ಹೆಸರಲ್ಲಷ್ಟೇ ಅಣ್ಣತಮ್ಮ. ಕ್ಯೂಎಲ್‌ಇಡಿ ಅಂದರೆ ಮಾಮೂಲಿ ಎಲ್‌ಸಿಡಿ ಪರದೆ, ಹಿಂದೆ ಎಲ್‌ಇಡಿ ದೀಪ, ನಡುವೆ ಬಣ್ಣ ಶುದ್ಧ ಮಾಡುವ ಕ್ವಾಂಟಮ್ ಡಾಟ್ ಹಾಳೆ. ಮಿನಿ ಎಲ್‌ಇಡಿಯಲ್ಲೂ ಪರದೆ ಎಲ್‌ಸಿಡಿಯೇ, ಹಿಂದಿನ ದೀಪಗಳು ಮಾತ್ರ ಚಿಕ್ಕವು, ಸಂಖ್ಯೆಯಲ್ಲಿ ಹೆಚ್ಚು, ಗುಂಪುಗುಂಪಾಗಿ ಆರುತ್ತ ಹತ್ತುತ್ತ ಇರುತ್ತವೆ. ಒಎಲ್‌ಇಡಿಗೆ ಹಿಂದೆ ದೀಪವೇ ಇಲ್ಲ, ಪ್ರತಿ ಚುಕ್ಕೆಯೂ ತಾನೇ ಬೆಳಗುತ್ತದೆ. ಹಾಗಾಗಿ ಅದರ ಕಪ್ಪು ನಿಜವಾದ ಕಪ್ಪು, ಮೂಲೆಯಲ್ಲಿ ಕೂತವರಿಗೂ ಬಣ್ಣ ಕೆಡುವುದಿಲ್ಲ.

ಆದರೂ ನಿಮ್ಮ ಮನೆಗೆ ಒಎಲ್‌ಇಡಿ ಬೇಡ ಅನ್ನುತ್ತೇನೆ, ಕಾರಣ ನಿಮ್ಮ ತಂದೆಯವರ ನ್ಯೂಸ್. ಚಾನೆಲ್‌ನ ಲೋಗೊ, ಕೆಳಗೆ ಓಡುವ ಕೆಂಪು ಪಟ್ಟಿ ದಿನಕ್ಕೆ ಎಂಟು ಹತ್ತು ಗಂಟೆ ಒಂದೇ ಜಾಗದಲ್ಲಿ ಉರಿದರೆ ಅಲ್ಲಿನ ಚುಕ್ಕೆಗಳು ಬೇಗ ಸವೆಯುತ್ತವೆ. ಒಂದೆರಡು ವರ್ಷದಲ್ಲಿ ಸಿನಿಮಾ ಹಾಕಿದರೂ ಕೆಳಗೆ ಆ ಪಟ್ಟಿಯ ನೆರಳು. ವಾರಂಟಿಯಲ್ಲಿ ಇದು ಸಾಮಾನ್ಯವಾಗಿ ಬರುವುದಿಲ್ಲ. ಎಲ್‌ಸಿಡಿಗೆ ಈ ರೋಗ ಇಲ್ಲ.

ಇನ್ನು ಎಲ್‌ಸಿಡಿಯಲ್ಲಿ ಎರಡು ಜಾತಿ, ವಿಎ ಮತ್ತು ಐಪಿಎಸ್. ವಿಎಯಲ್ಲಿ ಕಪ್ಪು ಆಳ, ಆದರೆ ಓರೆಯಿಂದ ನೋಡಿದರೆ ಬಣ್ಣ ತೆಳುವಾಗುತ್ತದೆ. ಐಪಿಎಸ್ ಓರೆಗೂ ಚೆನ್ನ, ಕತ್ತಲ ದೃಶ್ಯ ಮಾತ್ರ ಬೂದು ಬೂದು. ಬಾಕ್ಸ್ ಮೇಲೆ ಇದನ್ನು ಬರೆದಿರುವುದು ಅಪರೂಪ, ಒಂದೇ ಮಾಡೆಲ್‌ನ 55ರಲ್ಲಿ ಒಂದು, 65ರಲ್ಲಿ ಇನ್ನೊಂದು ಇರುವುದೂ ಉಂಟು. ಅಂಗಡಿಯಲ್ಲಿ ನೀವು ಕೊಳ್ಳುವ ಗಾತ್ರದ ಟಿವಿಯ ಎದುರೇ ನಿಂತು, ಮನುಷ್ಯರ ಮುಖ ಇರುವ ಚಿತ್ರ ಹಾಕಿಸಿ, ಎಲ್ ಸೋಫಾದ ತುದಿಯಷ್ಟು ಪಕ್ಕಕ್ಕೆ ನಡೆಯಿರಿ. ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾದರೆ ಅದು ವಿಎ. ಆರು ಜನರ ಮನೆಗೆ ಐಪಿಎಸ್, ಇಲ್ಲವೇ ಓರೆ ನೋಟಕ್ಕೆಂದೇ ವಿಶೇಷ ಪದರ ಇರುವ ಮಿನಿ ಎಲ್‌ಇಡಿ ನೋಡಿ.

ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಲೋಕಲ್ ಡಿಮ್ಮಿಂಗ್ (ಹಿಂದಿನ ದೀಪಗಳು ಗುಂಪುಗುಂಪಾಗಿ ಆರುವ ವ್ಯವಸ್ಥೆ) ಇದೆಯಾ, ಎಷ್ಟು ಝೋನ್, ಅಂದರೆ ಎಷ್ಟು ಗುಂಪು? ಅದಿಲ್ಲದ, 300 ನಿಟ್ಸ್ ಬೆಳಕಿನ ಪರದೆಗೆ ಎಚ್‌ಡಿಆರ್ (ಬೆಳಕು ಕತ್ತಲೆಯ ಅಂತರ ಹೆಚ್ಚಿರುವ ಚಿತ್ರ) ಅಂತ ಸ್ಟಿಕ್ಕರ್ ಹಚ್ಚಿದರೆ ಆ ಸಿಗ್ನಲ್ ತೆಗೆದುಕೊಳ್ಳುತ್ತದೆ ಅಷ್ಟೆ, ತೋರಿಸಲಾರದು. 4ಕೆಯ ನಾಲ್ಕು ಪಟ್ಟು ಚುಕ್ಕೆ ಇರುವ 8ಕೆ ಕಡೆ ತಿರುಗಿಯೂ ನೋಡಬೇಡಿ. 55 ಇಂಚಿನಲ್ಲಿ 7 ಅಡಿ ದಾಟಿದರೆ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಗುರುತಿಸುವುದೇ ಕಷ್ಟ. ಆ ದುಡ್ಡನ್ನು ಬೆಳಕಿಗೆ, ಝೋನ್‌ಗೆ ಹಾಕಿ. ಎಚ್‌ಡಿಆರ್‌ನದೇ ಒಂದು ಬಗೆಯಾದ ಡಾಲ್ಬಿ ವಿಷನ್ ಬೇಕೇ ಬೇಕು ಅನ್ನುವವರು ನೆನಪಿಡಿ, ಸ್ಯಾಮ್‌ಸಂಗ್ ಟಿವಿಗಳಲ್ಲಿ ಅದರ ಬದಲು ಎಚ್‌ಡಿಆರ್10 ಪ್ಲಸ್ ಇರುತ್ತದೆ. "ಮೋಷನ್ ರೇಟ್ 120" ಅಂತ ಬರೆದಿದ್ದರೆ ಪ್ಯಾನಲ್ 60 ಹರ್ಟ್ಸ್‌ನದೇ (ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವಂಥದ್ದು) ಆಗಿರಬಹುದು, "ನೇಟಿವ್" ಎಷ್ಟು ಅಂತ ಕೇಳಿ. ಮಕ್ಕಳು ಗೇಮ್ ಆಡದಿದ್ದರೆ 60 ಸಾಕು.

ಪ್ರಶ್ನೆ (ಠಾಣೆ)
32 ದಾಟಿದರೆ ಜಿಎಸ್‌ಟಿ ಜಾಸ್ತಿ ಅಂತಾರೆ, ಹೌದಾ?

ಉತ್ತರ (ಸರ್ವಿಸ್)
ಹಳೇ ಮಾತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಟಿವಿಗೂ 28ರ ಬದಲು ಶೇ. 18.

ಪ್ರಶ್ನೆ (ಗೋವಾ, ವಾಸ್ಕೋ)
ಸರ, ನಮಸ್ಕಾರ್ರೀ. ನಮ್ಮ ಮನಿ ಗ್ವಾಡಿ ಕೆಂಪು ಚಿರೆಕಲ್ಲಿಂದು, ಮ್ಯಾಲೆ ಸಿಮೆಂಟ್ ಗಿಲಾವು. 55 ಇಂಚಿಂದು ಗ್ವಾಡಿಗೆ ಹಾಕಬೇಕಂತ ಮಾಡೀವಿ. ಮಳಿಗಾಲದಾಗ ಗ್ವಾಡಿ ಹಸಿ ಆಗ್ತದ. ಹಿಂದಿನ ಟಿವಿ ಎರಡ ವರ್ಷದಾಗ ಪರದೆ ಮ್ಯಾಲೆ ಉದ್ದ ಗೆರಿ ಬಂದು ಹೋತು. ಯಾಕ್ರೀ?

ಉತ್ತರ (ಸರ್ವಿಸ್)
ಗೆರೆಗೆ ಮೊದಲ ಅನುಮಾನ ಒರೆಸುವ ರೀತಿಯ ಮೇಲೆ. ಗಾಜು ಒರೆಸುವ ದ್ರಾವಣವನ್ನು ನೇರ ಪರದೆಗೆ ಸ್ಪ್ರೇ ಮಾಡಿದರೆ ಹನಿ ಜಾರಿ ಕೆಳ ಅಂಚಿನ ಒಳಗೆ ಇಳಿಯುತ್ತದೆ. ಪರದೆಗೆ ಸಿಗ್ನಲ್ ಕೊಡುವ ತೆಳು ಪಟ್ಟಿಗಳು ಅಂಟಿಕೊಂಡಿರುವುದು ಆ ಅಂಚಿನಲ್ಲೇ. ಅಲ್ಲಿ ತೇವ ಸೇರಿ ತುಕ್ಕು ಹತ್ತಿದರೆ ಆ ಸಾಲಿನ ಚುಕ್ಕೆಗಳು ಸತ್ತು ಉದ್ದ ಗೆರೆ ಏಳುತ್ತದೆ. ಅದಕ್ಕೆ ಪ್ಯಾನಲ್ ಬದಲಿಸಬೇಕು, ಅಂದರೆ ಹೆಚ್ಚುಕಡಿಮೆ ಟಿವಿಯ ಬೆಲೆಯೇ. ಮೈಕ್ರೊಫೈಬರ್ ಬಟ್ಟೆಯನ್ನು ನೀರಲ್ಲಿ ಅದ್ದಿ, ಗಟ್ಟಿಯಾಗಿ ಹಿಂಡಿ ಒರೆಸಿ. ಸಮುದ್ರದ ಉಪ್ಪು ಗಾಳಿಯೂ ಇದೇ ಕೆಲಸ ಮಾಡುತ್ತದೆ, ನಿಧಾನಕ್ಕೆ. ಮಳೆಗಾಲದಲ್ಲಿ ಊರಿಗೆ ಹೋಗದಿದ್ದರೆ ದಿನಕ್ಕೆ ಒಂದು ಗಂಟೆಯಾದರೂ ಟಿವಿ ಹಚ್ಚಿಡಿ, ಒಳಗಿನ ಬಿಸಿಗೆ ತೇವ ಆರುತ್ತದೆ.

ಉತ್ತರ (ಫಿಟ್ಟಿಂಗ್)
ಹಸಿಯಾಗುವುದು ಹೊರಗೋಡೆ. ಸಾಧ್ಯವಾದರೆ ಒಳಗೋಡೆಗೆ ಹಾಕಿ, ಇಲ್ಲದಿದ್ದರೆ ಟಿವಿ ಮತ್ತು ಗೋಡೆ ನಡುವೆ 4ರಿಂದ 5 ಸೆಂ.ಮೀ. ಗಾಳಿ ಆಡುವಂತಿರಲಿ. ಚಿರೆಕಲ್ಲು ತೂತುತೂತಿನ ಕಲ್ಲು, ಮಾಮೂಲಿ ಪ್ಲಾಸ್ಟಿಕ್ ಗಿಟ್ಟಿ ಒಳಗೆ ಅಗಲವಾಗಿ ಕಚ್ಚುವುದಿಲ್ಲ, ಸುಮ್ಮನೆ ತಿರುಗುತ್ತದೆ. 10 ಎಂಎಂ ದಪ್ಪ, 100 ಎಂಎಂ ಉದ್ದದ ನೈಲಾನ್ ಫ್ರೇಮ್ ಪ್ಲಗ್ ಬೇಕು. ಗಿಲಾವಿನ 12–15 ಎಂಎಂ ಲೆಕ್ಕಕ್ಕಿಲ್ಲ, ಹಿಡಿತ ಕಲ್ಲಿನೊಳಗೆ ಆಗಬೇಕು. ಡ್ರಿಲ್ ಬಿಟ್ ಎರಡು ಕಲ್ಲಿನ ಸಂದಿಗೆ ಇಳಿದರೆ ಆ ತೂತು ಬಿಟ್ಟು ಪಕ್ಕಕ್ಕೆ ಹೋಗಿ.

ವಾಕಡ್‌ನವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಹೊಸ ಟವರ್‌ಗಳಲ್ಲಿ ಗೋಡೆ ಎರಡು ಥರ. ಗೆಣ್ಣಿನಿಂದ ಕುಟ್ಟಿದಾಗ ಕಲ್ಲಿನಂತೆ ಸದ್ದೇ ಬರದಿದ್ದರೆ ಅದು ಮಿವಾನ್, ಇಡೀ ಗೋಡೆ ಕಾಂಕ್ರೀಟ್. ಹ್ಯಾಮರ್ ಡ್ರಿಲ್ ಬೇಕು, ಕಬ್ಬಿಣ ತಾಗಿದರೆ ಅಲ್ಲೇ ನಿಲ್ಲಿಸಿ ಒಂದಿಂಚು ಸರಿಯಬೇಕು. ವೈರ್ ಮುಚ್ಚಲು ಅದರಲ್ಲಿ ಕಾಲುವೆಯಂತೆ ಕೊರೆಯುವಂತಿಲ್ಲ, ಕಟ್ಟಡದ ಭಾರ ಹೊರುವ ಗೋಡೆ ಅದು. ಗೋಡೆಯ ಮೇಲೆಯೇ ವೈರ್ ಮುಚ್ಚುವ ಪಟ್ಟಿ ಹೊಡೆಯಿರಿ. ಟೊಳ್ಳು ಸದ್ದು ಬಂದು, ಕೊರೆದಾಗ ಬಿಳಿ ಬೂದಿಯಂಥ ಪುಡಿ ಉದುರಿದರೆ ಎಎಸಿ ಬ್ಲಾಕ್, ಅಂದರೆ ಹಗುರ ಕಾಂಕ್ರೀಟ್ ಇಟ್ಟಿಗೆ. ಅಲ್ಲಿ ಹ್ಯಾಮರ್ ಆಫ್ ಮಾಡಿ ಬರೀ ತಿರುಗಿಸಿ ಕೊರೆಯಬೇಕು, ಇಲ್ಲದಿದ್ದರೆ ತೂತು ಬಾವಿಯಾಗುತ್ತದೆ. ಮುಂದಕ್ಕೆ ಎಳೆಯುವ ತೋಳಿನ ಬ್ರ್ಯಾಕೆಟ್ ಎಎಸಿಗೆ ನೇರವಾಗಿ ಬೇಡ. 20–25 ಕೆಜಿ ಟಿವಿ ಅರ್ಧ ಮೀಟರ್ ಮುಂದೆ ಬಂದಾಗ ಮೇಲಿನ ಬೋಲ್ಟ್‌ಗಳನ್ನು ಕಿತ್ತೆಳೆಯುತ್ತದೆ. ಬೇಕೇ ಬೇಕಾದರೆ 19 ಎಂಎಂ ಪ್ಲೈವುಡ್ ಹಲಗೆಯನ್ನು ಎಂಟು ಪ್ಲಗ್‌ನಲ್ಲಿ ಕೂರಿಸಿ, ಬ್ರ್ಯಾಕೆಟ್ ಹಲಗೆಗೆ ಹಾಕಿ.

ಎತ್ತರ: ಪರದೆಯ ನಡು ನೆಲದಿಂದ 105–110 ಸೆಂ.ಮೀ. 65 ಇಂಚಿಗೆ ಕೆಳ ಅಂಚು ಸುಮಾರು 65 ಸೆಂ.ಮೀ.ಗೆ ಬರುತ್ತದೆ. ಎಲ್ಲರೂ ದೇವರ ಫೋಟೊ ಹಾಕಿದ ಹಾಗೆ ಮೇಲೆ ಹಾಕಿಸುತ್ತಾರೆ, ಆಮೇಲೆ ಕುತ್ತಿಗೆ ನೋವು ಅನ್ನುತ್ತಾರೆ. ಟಿವಿಯ ಬೆನ್ನಿನ ಸ್ಕ್ರೂ ಕೈಯಲ್ಲಿ ಸಲೀಸಾಗಿ ತಿರುಗಬೇಕು. ಉದ್ದ ಹೆಚ್ಚಾದ ಸ್ಕ್ರೂವನ್ನು ಒತ್ತಿ ತಿರುಗಿಸಿದರೆ ಒಳಗಿನ ಬೋರ್ಡಿಗೋ ಪ್ಯಾನಲ್‌ಗೋ ಚುಚ್ಚುತ್ತದೆ.

ಪ್ರಶ್ನೆ (ಮಾಟುಂಗಾ)
ಹಳೇ ಬಿಲ್ಡಿಂಗ್ ಮಾರಾಯ್ರೆ, ಕರೆಂಟ್ ಏರಿಳಿತ ಜಾಸ್ತಿ. ಸ್ಟೆಬಿಲೈಜರ್ ಬೇಕಾ, ಸ್ಪೈಕ್ ಬೋರ್ಡ್ ಸಾಕಾ?

ಉತ್ತರ (ಫಿಟ್ಟಿಂಗ್)
ಟಿವಿಯ ಬೆನ್ನಿನ ಲೇಬಲ್ ಓದಿ. 100–240 ವೋಲ್ಟ್ ಅಂತ ಇದ್ದರೆ ಕರೆಂಟ್ ಇಳಿಯುವುದಕ್ಕೆ ಹೆದರಬೇಕಾಗಿಲ್ಲ. ಹೆದರಬೇಕಾದ್ದು ನ್ಯೂಟ್ರಲ್ ಕಡಿದಾಗ. ಹಳೇ ಕಟ್ಟಡದ ಮೀಟರ್ ಬೋರ್ಡ್‌ನಲ್ಲಿ ನ್ಯೂಟ್ರಲ್ ಸಡಿಲವಾದರೆ ನಿಮ್ಮ ಮನೆಗೆ 230ರ ಬದಲು 350, 400 ವೋಲ್ಟ್ ನುಗ್ಗಬಹುದು. ಸ್ಪೈಕ್ ಬೋರ್ಡ್ ಕ್ಷಣಮಾತ್ರದ ಏರಿಕೆ ತಡೆಯುತ್ತದೆ, ಅದಕ್ಕೂ ಸರಿಯಾದ ಅರ್ಥಿಂಗ್ ಬೇಕು. ನಿಮಿಷಗಟ್ಟಲೆ 400 ವೋಲ್ಟ್ ಬಂದರೆ ಅದೇ ಸುಡುತ್ತದೆ. ಮೇಲಿನ ಮಿತಿ ದಾಟಿದೊಡನೆ ಕಟ್ ಆಗುವ ಟಿವಿ ಸ್ಟೆಬಿಲೈಜರ್, ಇಲ್ಲವೇ ಎಂಸಿಬಿ ಪಕ್ಕ ಓವರ್ ವೋಲ್ಟೇಜ್ ರಿಲೇ ಹಾಕಿಸಿ. ರಿಲೇಯಾದರೆ ಫ್ರಿಜ್ಜೂ ಉಳಿಯುತ್ತದೆ. ಗುಡುಗಿನ ದಿನ ಪ್ಲಗ್ ಜೊತೆ ಕೇಬಲ್ ವೈರನ್ನೂ ಕಳಚಿ, ಸಿಡಿಲು ಆ ದಾರಿಯಿಂದಲೂ ಬಂದು ಎಚ್‌ಡಿಎಂಐ ಸುಡುತ್ತದೆ.

ಡೊಂಬಿವಲಿ
ಅಣ್ಣ, ಕೇಬಲ್‌ನವರು ಎಚ್‌ಡಿ ಕೊಡ್ತಾರಂತೆ, 65 ಅಂತ ಒಪ್ಪಿಕೊಂಡ್ವಿ. ಮನೆಗೆ ಬಂದ ದಿನ ಏನು ನೋಡಬೇಕು? ನಾವು ಮೂರನೇ ಮಹಡಿ, ಲಿಫ್ಟ್ ಒಳಗೆ 3 ಅಡಿ 4 ಇಂಚು ಅಗಲ, 3 ಅಡಿ ಆಳ.

ಉತ್ತರ (ಸರ್ವಿಸ್)
ಕಂಪನಿಯ ಇನ್‌ಸ್ಟಲೇಶನ್‌ನವರು ಬರುವ ತನಕ ಬಾಕ್ಸ್ ಬಿಚ್ಚಬೇಡಿ, ಬಿಚ್ಚುವಾಗ ಫೋನಲ್ಲಿ ವಿಡಿಯೊ ಮಾಡಿ. ಗೋಡೆಗೆ ಹಾಕುವ ಮೊದಲೇ ಟಿವಿ ಹಚ್ಚಿಸಿ. ಪೆನ್‌ಡ್ರೈವ್‌ನಲ್ಲಿ ಕೆಂಪು, ಹಸಿರು, ನೀಲಿ, ಬಿಳಿ, ಕಪ್ಪು, ಬೂದು, ಒಂದೊಂದೇ ಬಣ್ಣ ತುಂಬಿದ ಚಿತ್ರ ಇಟ್ಟುಕೊಂಡಿರಿ. ಸತ್ತ ಚುಕ್ಕೆ ಬಣ್ಣಗಳಲ್ಲಿ ಕಾಣುತ್ತದೆ. ಕಪ್ಪು ಹಾಕಿ ದೀಪ ಆರಿಸಿದರೆ ಮೂಲೆಯಿಂದ ಸೋರುವ ಬೆಳಕು. ಬೂದು ಬಣ್ಣದಲ್ಲಿ ಕೊಳೆಯಂಥ ಕಲೆಗಳು. ಕ್ರಿಕೆಟ್‌ನಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡಿದಾಗ ಹಸಿರು ಮೈದಾನದ ಮೇಲೆ ಪಟ್ಟೆಪಟ್ಟೆ ಸರಿಯುತ್ತದಲ್ಲ, ಅದು ಈ ಕಲೆಗಳೇ. ಆಮೇಲೆ ಚಿತ್ರದ ಮೋಡ್ ವಿವಿಡ್‌ನಿಂದ ಸಿನಿಮಾ ಅಥವಾ ಫಿಲ್ಮ್‌ಮೇಕರ್‌ಗೆ ಬದಲಿಸಿ, ಶಾರ್ಪ್‌ನೆಸ್ ತೀರಾ ಇಳಿಸಿ. ಮೊದಲೆರಡು ದಿನ ಮಂಕು ಅನ್ನಿಸುತ್ತದೆ, ಕಣ್ಣು ಹೊಂದಿಕೊಳ್ಳುತ್ತದೆ.

ಲಿಫ್ಟ್ ಆಗಲ್ಲ ಅಕ್ಕ. ಬಾಕ್ಸ್ ಸುಮಾರು 160 ಸೆಂ.ಮೀ. ಉದ್ದ, ನಿಮ್ಮ ಲಿಫ್ಟ್ ಮೂಲೆಯಿಂದ ಮೂಲೆಗೆ 137. ತುದಿಯ ಮೇಲೆ ನಿಲ್ಲಿಸಿಯೋ ಮಲಗಿಸಿಯೋ ತುರುಕುವುದು ಬೇಡ, ಪ್ಯಾನಲ್ ಬಿರಿಯುವುದು ಹಾಗೆಯೇ. ಮೆಟ್ಟಿಲ ಮೇಲೆ ಇಬ್ಬರು, ಬಾಣದ ಗುರುತು ಮೇಲೆ ಇರುವಂತೆ ನಿಲ್ಲಿಸಿಕೊಂಡೇ ತರಬೇಕು. ದಪ್ಪ ಒಂದು ಗೇಣಿಗಿಂತ ಕಡಿಮೆ, ತಿರುವಿನಲ್ಲಿ ಒಂದು ತುದಿಯನ್ನು ಕಟಾಂಜನದ ಮೇಲಿಂದ ದಾಟಿಸಿದರೆ ಬರುತ್ತದೆ. ಬುಕ್ ಮಾಡುವಾಗಲೇ "ಮೂರನೇ ಮಹಡಿ, ಮೆಟ್ಟಿಲು, ಇಬ್ಬರು ಬೇಕು" ಅಂತ ಬರೆಸಿ. ಇಲ್ಲದಿದ್ದರೆ ಟೆಂಪೊದಲ್ಲಿ ಒಬ್ಬನೇ ಹುಡುಗ ಬಂದು ವಾಚ್‌ಮನ್ ಕ್ಯಾಬಿನ್ ಹತ್ತಿರ ಇಳಿಸಿ ಹೋಗುತ್ತಾನೆ.